ಎಳೆ ತಲೆಯ ನೆಗ್ಗು

ನಾನು ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಹೆಂಗಸರ ಮತ್ತು ಮಕ್ಕಳ ವಾರ್ಡಿನ ಡಾಕ್ಟರಾಗಿ ಬಂದದ್ದು ಯುದ್ಧದ ದಿನಗಳಲ್ಲಿ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದ ಕಾಲ ಅದು. ಬಸ್ಸಿನ ಬೆನ್ನಿಗೆ ಕಟ್ಟಿದ್ದ ಒಲೆಗೆ ಕ್ಲೀನರು ಗಾಳಿ ತಿರುಗಿಸಿ ತಿರುಗಿಸಿ ಸುಸ್ತಾದ ಮೇಲೆ ಅದು ಹೊರಡುತ್ತಿತ್ತು. ದುರ್ಗಿಗುಡಿಯಲ್ಲಿ ಒಂದು ಮನೆಯ ಹಿಂಭಾಗದಲ್ಲಿ ನಾನೂ ವಿಧವೆಯಾಗಿದ್ದ ನನ್ನ ಸೋದರತ್ತೆಯೂ ಬಾಡಿಗೆಗೆ ಇದ್ದೆವು. ಬೆಳಿಗ್ಗೆ ನಡೆದೇ ಆಸ್ಪತ್ರೆಗೆ ಹೋಗುತ್ತಿದ್ದೆ. ದಾರಿಯಲ್ಲಿ ಜನ ನನ್ನ ಸೀರೆಗಿಂತ ಹೆಚ್ಚಾಗಿ ಕೈಯಲ್ಲಿದ್ದ ಚೀಲವನ್ನು ನೋಡುತ್ತಿದ್ದರು. ಹೆಂಗಸು ಡಾಕ್ಟರು ಊರಿಗೆ ಇನ್ನೂ ಹೊಸದಾಗಿತ್ತು.

ಹೆರಿಗೆ, ಬಾಣಂತಿಯರ ಜ್ವರ, ಮಕ್ಕಳ ವಾಂತಿಭೇದಿ, ಇವು ನನ್ನ ನಿತ್ಯದ ಕೆಲಸ. ಅದರ ಜೊತೆಗೆ ಇನ್ನೊಂದು ಕೆಲಸ ನನ್ನ ಪಾಲಿಗೆ ಬಂದಿತ್ತು. ಸರ್ಜನ್ನರು ಆಪರೇಷನ್ ಮಾಡುವಾಗ ರೋಗಿಯ ತಲೆಯ ಬಳಿ ಕೂತು ಕ್ಲೋರೋಫಾರಂ ಕೊಡುವುದು. ಸರ್ಜನ್ನರು ನಿವೃತ್ತಿಗೆ ಹತ್ತಿರವಾಗಿದ್ದವರು, ದಪ್ಪ ದೇಹ, ಸ್ವಲ್ಪ ಬಾಗಿದ ಭುಜ. ನಮ್ಮಂಥವರ ಜೊತೆ ಅವರ ಮಾತು ಬಹಳ ಮೊಟಕು. ಕೇಳಿದ್ದಕ್ಕೆ ಒಂದು ಮಾತು, ತಪ್ಪಿದರೆ ಒಂದು ಗದರಿಕೆ. ಆದರೆ ರೋಗಿಯ ಮನೆಯವರ ಮುಂದೆ ಬೆಂಚಿನ ಮೇಲೆ ಕೂತರೆಂದರೆ ಅವರಿಗೆ ಬೇರೆ ಕೆಲಸವೇ ಇಲ್ಲವೇನೋ ಅನ್ನಿಸುತ್ತಿತ್ತು. ಹೇಳಿದ್ದನ್ನೇ ಮತ್ತೆ ಹೇಳುವರು, ಅವರು ಕೇಳಿದ್ದನ್ನೇ ಮತ್ತೆ ಕೇಳಿಸಿಕೊಳ್ಳುವರು. ಮೊದಮೊದಲು ನನಗೆ ಇದು ಕಾಲಹರಣವಾಗಿ ಕಾಣುತ್ತಿತ್ತು.

ನಾನು ಬಂದ ಮೊದಲ ಮಳೆಗಾಲದಲ್ಲಿ ಹೊಳೆಹೊನ್ನೂರಿನ ಕಡೆಯ ಒಬ್ಬಳು ಚೊಚ್ಚಲ ಬಸುರಿ ನಮ್ಮಲ್ಲಿಗೆ ಬಂದಳು. ಹೆರಿಗೆ ತುಂಬಾ ಎಳೆಯಿತು. ಕೊನೆಗೆ ಮಗು ತಾನಾಗಿಯೇ ಹೊರಗೆ ಬಂತು, ಹೆಣ್ಣು. ಒರೆಸಿ ಬಟ್ಟೆಯಲ್ಲಿ ಸುತ್ತುವಾಗ ನನ್ನ ಬೆರಳಿಗೆ ಏನೋ ಸಿಕ್ಕಿತು. ಬಲಗಿವಿಯ ಮೇಲುಗಡೆ ತಲೆಬುರುಡೆ ಒಳಕ್ಕೆ ನೆಗ್ಗಿತ್ತು. ಚರ್ಮಕ್ಕೆ ಗಾಯವಿಲ್ಲ, ಬಾವಿಲ್ಲ. ಕೈಜಾರಿ ಬಿದ್ದ ಹಿತ್ತಾಳೆ ಚೊಂಬಿನ ಹೊಟ್ಟೆಯಲ್ಲಿ ಆಗುತ್ತದಲ್ಲ, ಅಂಥ ನೆಗ್ಗು. ಅರ್ಧ ನಿಂಬೆಹಣ್ಣು ಕೂರುವಷ್ಟು ಆಳ. ತಾಯಿಯ ಸೊಂಟದ ಮೂಳೆಗೆ ಮಗುವಿನ ತಲೆ ಬಹಳ ಹೊತ್ತು ಒತ್ತಿಕೊಂಡಿದ್ದರಿಂದ ಆದದ್ದು. ಇಂಥದ್ದನ್ನು ನಾನು ಓದಿದ್ದೆ, ಕಂಡಿರಲಿಲ್ಲ.

ಸರ್ಜನ್ನರನ್ನು ಕರೆಸಿದೆ. ಅವರು ಮಗುವನ್ನು ಬಿಚ್ಚಿ ಮಲಗಿಸಿ, ಕೈಕಾಲು ಆಡುವುದನ್ನು ನೋಡಿದರು. ಅಂಗಾಲಿಗೆ ಗೀರಿ ಅಳಿಸಿದರು. ನೆತ್ತಿಯ ಮೇಲೆ ಬೆರಳಿಟ್ಟು ಕಣ್ಣುಮುಚ್ಚಿ ನಿಂತರು. ಆಮೇಲೆ ತಾಯಿಯ ಮೊಲೆಗೆ ಹಿಡಿಸಿ ಅದು ಚೀಪುವುದನ್ನು ನೋಡಿದರು.

“ಏನು ಮಾಡೋಣ ಸಾರ್?” ಅಂದೆ.

“ಏನೂ ಬೇಡ. ಕಾಯೋಣ.”

ನನಗೆ ಸಮಾಧಾನವಾಗಲಿಲ್ಲ. ಕಣ್ಣಿಗೇ ಕಾಣುವ ಹಳ್ಳವನ್ನು ಬಿಟ್ಟು ಸುಮ್ಮನೆ ಕೂರುವುದು ಹೇಗೆ? ಅವರು ನನ್ನ ಮುಖ ನೋಡಿ, ಅಪರೂಪಕ್ಕೆ ಎಂಬಂತೆ, ಎರಡು ಮಾತು ಹೆಚ್ಚು ಆಡಿದರು. “ಎಳೆ ಮೂಳೆ ಕಣಮ್ಮ. ಬಗ್ಗಿದೆ, ಒಡೆದಿಲ್ಲ. ಒಳಗೆ ಮಿದುಳು ಬೆಳೀತಾ ಬೆಳೀತಾ ಅದನ್ನ ಹೊರಕ್ಕೆ ತಳ್ಳುತ್ತೆ. ಹಾಲು ಬಿಟ್ಟರೆ, ವಾಂತಿ ಮಾಡಿದರೆ, ಒಂದು ಕೈ ಆಡಿಸದೆ ಹೋದರೆ ಆಗ ನನ್ನನ್ನ ಕರಿ.”

ಮಗು ಹಾಲು ಬಿಡಲಿಲ್ಲ. ನಾನು ದಿನವೂ ಬೆರಳಿಟ್ಟು ನೋಡುತ್ತಿದ್ದೆ. ಮೊದಮೊದಲು ಏನೂ ಬದಲಾಗಲಿಲ್ಲ. ಬಾಣಂತಿ ಊರಿಗೆ ಹೋಗಿ, ಕೆಲವು ವಾರ ಕಳೆದು ತೋರಿಸಲು ಬಂದಾಗ ನೆಗ್ಗು ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಇನ್ನೊಮ್ಮೆ ಬಂದಾಗ ಯಾವ ಕಡೆ ಇತ್ತು ಎಂದು ನನಗೇ ಹುಡುಕಬೇಕಾಯಿತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ವಾರ್ಡಿನಲ್ಲಿ, ಮನೆಯಲ್ಲಿ, ಹೊರರೋಗಿಗಳ ಸಾಲಿನಲ್ಲಿ, ಎಲ್ಲರಿಗೂ ಹೇಳಿದೆ. ಹೊಳೆಹೊನ್ನೂರಿನಲ್ಲಂತೂ ಆ ಮಗುವಿನ ಅಜ್ಜಿ ಸಂತೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಸುದ್ದಿ ಹಂಚಿದಳಂತೆ: ತಲೆ ತಗ್ಗಾಗಿದ್ದ ಕೂಸು, ಡಾಕ್ಟ್ರು ಕೈಯೇ ಹಾಕಲಿಲ್ಲ, ತಾನೇ ಎದ್ದುಬಂತು ಅಂತ.

ಮುಂದಿನ ಸುಗ್ಗಿ ಕಳೆದ ಮೇಲೆ ಒಂದು ಬೆಳಿಗ್ಗೆ ಭದ್ರಾವತಿಯ ಬಸ್ಸಿನಿಂದ ಇಳಿದು ಒಂದು ಸಂಸಾರ ನೇರ ನಮ್ಮ ವಾರ್ಡಿಗೆ ಬಂತು. ಗಂಡ, ಹೆಂಡತಿ, ಗಂಡನ ತಾಯಿ. ಹೆಂಡತಿಯ ತೋಳಿನಲ್ಲಿ ಒಂದೂವರೆ ವರ್ಷದ ಗಂಡುಮಗು, ತಲೆಗೆ ಪಟ್ಟಿ. ಗಂಡ ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ಕೆಲಸದವನು. ಪಾಳಿ ಮುಗಿಸಿ ಬಟ್ಟೆ ಬದಲಿಸದೆ ಬಂದಿದ್ದ, ಕಿವಿಯ ಹಿಂದೆ ಇನ್ನೂ ಮಸಿ. ಅಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಒಂದು ಹಿತ್ತಾಳೆ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

“ಏನಾಯ್ತು?” ಎಂದು ಕೇಳಿದೆ.

ಗಂಡನೇ ಹೇಳಿದ. “ಒನಕೆ ಬಿತ್ತು ಅಮ್ಮ. ಮೊನ್ನೆ. ಗೋಡೆಗೆ ಒರಗ್ಸಿದ್ರಂತೆ, ಮಗು ಹೋಗಿ ಎಳೆದದೆ. ನಾನು ಕೆಲಸದಲ್ಲಿದ್ದೆ. ನಮ್ಮೂರಲ್ಲೇ ಒಬ್ರು ಡಾಕ್ಟ್ರು ತೊಳ್ದು ಕಟ್ಟಿ, ಈಗ್ಲೇ ಶಿವಮೊಗ್ಗಕ್ಕೆ ಹೋಗಿ ಅಂದ್ರು. ನಮ್ಮವ್ವ ಒಂದಿನ ನೋಡನ ಅಂದ್ಲು.”

ಪಟ್ಟಿ ಬಿಚ್ಚಿದೆ. ಎಡಗಿವಿಯ ಮೇಲೆ, ಸ್ವಲ್ಪ ಮುಂದಕ್ಕೆ, ಚರ್ಮ ಹರಿದಿತ್ತು. ಮೊದಲ ದಿನ ರಕ್ತ ನಿಲ್ಲಿಸಲು ಮನೆಯಲ್ಲಿ ಮೆತ್ತಿದ್ದ ಕಾಫಿಪುಡಿ ಕೂದಲಿನ ಬುಡದಲ್ಲಿ ಇನ್ನೂ ಕಪ್ಪಗೆ ಅಂಟಿತ್ತು. ಗಾಯದ ಸುತ್ತ ಮೆಲ್ಲಗೆ ಬೆರಳಾಡಿಸಿದೆ. ಒನಕೆಯ ತುದಿಗೆ ಹಾಕುವ ಕಬ್ಬಿಣದ ಬಳೆಯ ಅರ್ಧಚಂದ್ರದಷ್ಟು ಭಾಗ ಮೂಳೆಯಲ್ಲಿ ಕೆಳಕ್ಕೆ ಇಳಿದಿತ್ತು. ಅಂಚು ಚೂಪಾಗಿತ್ತು. ಮಗು ಎಚ್ಚರವಾಗಿತ್ತು, ಆದರೆ ಆಡುವ ಮಗುವಿನ ಎಚ್ಚರವಲ್ಲ. ಮೈ ಬೆಚ್ಚಗಿತ್ತು.

ತಲೆಯ ಎಕ್ಸ್‌ರೇ ಬೇಕೆಂದರೆ ಬೆಂಗಳೂರಿಗೆ ಕಳಿಸಬೇಕಿತ್ತು. ಆ ರೈಲಿನ ಪ್ರಯಾಣಕ್ಕೆ ಈ ಮಗು ತಕ್ಕುದಾಗಿರಲಿಲ್ಲ. ಸರ್ಜನ್ನರು ಬಂದು ನೋಡಿದರು. ಹೊಳೆಹೊನ್ನೂರಿನ ಮಗುವಿಗೆ ಮಾಡಿದಂತೆಯೇ ಇದಕ್ಕೂ ಅಂಗಾಲು ಗೀರಿದರು, ಕಣ್ಣಿಗೆ ಬ್ಯಾಟರಿ ಬಿಟ್ಟರು, ಬೆರಳಿಟ್ಟು ನಿಂತರು. ಕೈ ತೆಗೆದವರೇ, “ಇವತ್ತೇ ಎತ್ತಬೇಕು,” ಅಂದರು.

ಆಗ ಅಜ್ಜಿ ಬಾಯಿಬಿಟ್ಟಳು. ಅವಳು ಸರ್ಜನ್ನರ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದಳು.

“ಡಾಕ್ಟ್ರಮ್ಮ, ಹೊಳೆಹೊನ್ನೂರಿನ ಕೂಸು ನನ್ ತಂಗಿ ಮೊಮ್ಮಗಳು. ನೀವೇ ಅಲ್ವಾ ನೋಡಿದ್ದು? ಸುಮ್ನಿದ್ರೆ ತಾನೇ ಏಳ್ತದೆ ಅಂತ ನೀವೇ ಅಲ್ವಾ ಹೇಳಿದ್ದು? ಅದಕ್ಕೊಂದು ನ್ಯಾಯ, ನಮ್ ಕೂಸಿಗೊಂದು ನ್ಯಾಯವಾ?”

ಅವಳೇ ಮುಂದುವರಿಸಿದಳು. “ತಲೆ ಬಿಚ್ಚಿದ್ಮೇಲೆ ಮನುಷ್ಯ ಉಳಿಯಲ್ಲ. ನಂಗೊತ್ತು. ಕೈ ಹಾಕ್ಬೇಡಿ. ನಾವು ಕಾಯ್ತೀವಿ.”

ಸರ್ಜನ್ನರು ಬೆಂಚಿನ ಮೇಲೆ ಕೂತರು. ಅಜ್ಜಿಯನ್ನೂ ಮಗನನ್ನೂ ಎದುರಿಗೆ ಕೂರಿಸಿಕೊಂಡರು. ಆ ಕೂಸು ಹುಟ್ಟಿದ ಗಳಿಗೆಯದು, ಇದು ಓಡಾಡುವ ಮಗು. ಅದರ ಚರ್ಮ ಹರಿದಿರಲಿಲ್ಲ, ಇದರದು ಹರಿದಿದೆ. ಅದು ಹಾಲು ಚೀಪುತ್ತಿತ್ತು, ಕೈಕಾಲು ಎಲ್ಲ ಆಡಿಸುತ್ತಿತ್ತು. ಹೀಗೆ ಒಂದೊಂದನ್ನೇ ಬಿಡಿಸಿ ಹೇಳಿದರು. ಗಂಡ ತಲೆ ತಗ್ಗಿಸಿ ಕೇಳುತ್ತಿದ್ದವನು ನಡುವೆ ಕೇಳಿದ:

“ಸ್ವಾಮಿ, ಇದು ಬಗ್ಗಿರೋದಾ, ಒಡೆದಿರೋದಾ?”

“ಒಡೆದಿರೋದು. ಚೂರು ಒಳಕ್ಕೆ ಕೂತಿದೆ.”

ಅವನು ಮತ್ತೇನೂ ಕೇಳಲಿಲ್ಲ. ದಿನವೂ ಕಬ್ಬಿಣ ಕರಗಿಸಿ ಹೊಯ್ಯುವವನಿಗೆ ಆ ಎರಡರ ವ್ಯತ್ಯಾಸವನ್ನು ವಿವರಿಸುವ ಅಗತ್ಯವಿರಲಿಲ್ಲ. ಆದರೆ ತಾಯಿಯ ಕಡೆ ತಿರುಗಿ, “ಅವ್ವ…” ಎಂದು ಶುರುಮಾಡಿ ಅಲ್ಲೇ ನಿಂತ. ಅಜ್ಜಿ ಡಬ್ಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, “ಬೇಡ ಅಂದ್ರೆ ಬೇಡ,” ಅಂದಳು.

“ಮಧ್ಯಾಹ್ನದ ತನಕ ಯೋಚನೆ ಮಾಡಿ,” ಎಂದು ಸರ್ಜನ್ನರು ಎದ್ದರು. ಕಾರಿಡಾರಿನಲ್ಲಿ ನನ್ನ ಪಕ್ಕಕ್ಕೆ ಬಂದು, ತಗ್ಗಿದ ದನಿಯಲ್ಲಿ, “ಆ ಮುದುಕಿ ಬರೀ ಆಪರೇಷನ್ನಿಗೆ ಹೆದರ್ತಿಲ್ಲ ಕಣಮ್ಮ,” ಅಂದರು. ಇನ್ನು ಯಾವುದಕ್ಕೆ ಎಂದು ಅವರು ಹೇಳಲಿಲ್ಲ. ಬಹುಶಃ ಅವರಿಗೂ ಗೊತ್ತಿರಲಿಲ್ಲ.

ಅಲ್ಲಿಯವರೆಗೂ ಮಗುವಿನ ತಾಯಿ ಒಂದು ಮಾತೂ ಆಡಿರಲಿಲ್ಲ. ಇಪ್ಪತ್ತರ ಆಸುಪಾಸಿನ ಹುಡುಗಿ. ಅತ್ತೆ ಇರುವಾಗ ಮಾತು ಅತ್ತೆಯದು ಎಂದು ಅವಳ ನಿಲುವೇ ಹೇಳುತ್ತಿತ್ತು. ನಾನು ವಾರ್ಡಿನ ಹಿಂದಿನ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಾಗ ಮಗುವನ್ನು ಎತ್ತಿಕೊಂಡು ಹಿಂದೆಯೇ ಬಂದಳು.

“ಅಮ್ಮ, ಒಂದು ತೋರಿಸ್ತೀನಿ,” ಅಂದಳು.

ಕಟ್ಟೆಯ ಮೇಲೆ ಕೂತು, ಸೆರಗಿನ ತುದಿಯ ಗಂಟು ಬಿಚ್ಚಿ ಸಣ್ಣ ಬೆಲ್ಲದ ಚೂರನ್ನು ತೆಗೆದಳು. ಮಗುವಿನ ಬಲಗೈಯ ಹತ್ತಿರವೇ ಹಿಡಿದಳು. ಮಗು ಬೆಲ್ಲವನ್ನು ನೋಡಿತು. ಬಲಗೈ ಮಡಿಲಲ್ಲೇ ಬಿದ್ದಿತ್ತು. ಸ್ವಲ್ಪ ಹೊತ್ತು ಬಿಟ್ಟು ಎಡಗೈ ಮೈಯನ್ನು ದಾಟಿ ಬಂದು ಅದನ್ನು ತೆಗೆದುಕೊಂಡಿತು.

“ಇವ್ನು ಎಲ್ಲಾ ಬಲಗೈಲೇ ಕಿತ್ಕೊಳ್ತಿದ್ದ,” ಅಂದಳು. “ನಿನ್ನೆ ಬೆಳಿಗ್ಗೆಯಿಂದ ಹಿಂಗೆ. ಅತ್ತೆಗೆ ಹೇಳ್ದೆ. ಸುಸ್ತಾಗಿದಾನೆ ಬಿಡು ಅಂದ್ರು.”

ನಾನು ಆ ಪುಟ್ಟ ಕೈಗೆ ನನ್ನ ಬೆರಳು ಕೊಟ್ಟೆ. ಹಿಡಿತವೇ ಇರಲಿಲ್ಲ. ಅದನ್ನು ನೋಡುತ್ತಿರುವಾಗಲೇ ಮಗುವಿನ ಬಾಯಿಯ ಬಲ ಅಂಚು ಸೆಳೆಯತೊಡಗಿತು. ಆಮೇಲೆ ಅದೇ ಕಡೆಯ ಕೆನ್ನೆ, ಆಮೇಲೆ ಆ ಬಲವಿಲ್ಲದ ಕೈಯೇ ತಾಳ ಹಾಕುವಂತೆ ಅದುರಿತು. ಬೆಲ್ಲ ಎಂಜಲಿನೊಂದಿಗೆ ಹೊರಗೆ ಬಂತು. ತಾಯಿ ಕಿರುಚಲಿಲ್ಲ. ಮಗುವನ್ನು ನನ್ನ ಕೈಗೆ ಕೊಟ್ಟಳು. ನಾನು ಒಂದು ಮಗ್ಗುಲಿಗೆ ತಿರುಗಿಸಿ ಹಿಡಿದುಕೊಂಡು ಒಳಗೆ ಓಡಿದೆ. ಸೆಳವು ನಿಂತು ಮಗು ಜೋತುಬಿದ್ದು ಮಲಗಿದಾಗ ಅವಳು ಗಂಡನ ಮುಂದೆ, ಅತ್ತೆಯ ಮುಂದೆ ನಿಂತಿದ್ದಳು.

“ಮಾಡ್ಸಿ,” ಅಂದಳು.

ಅತ್ತೆ, “ಏನಂದೆ?” ಅಂದಳು.

“ಮಾಡ್ಸಿ ಅಂದೆ ಅತ್ತೆ. ಹೋದ್ರೆ ನನ್ ಮಗ ಹೋಗ್ತಾನೆ. ನೀವು ಯಾರೂ ಹೊಣೆಯಲ್ಲ. ನಾನೇ ಹೇಳ್ತಾ ಇದೀನಿ.”

ಗಂಡ ಎದ್ದು ಸರ್ಜನ್ನರ ಕೋಣೆಗೆ ನಡೆದ. ಅಜ್ಜಿ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಅವಳ ಡಬ್ಬಿಯ ಮುಚ್ಚಳ ತೆರೆದುಕೊಂಡು, ಮಗುವಿಗೆಂದು ತಂದಿದ್ದ ರಾಗಿ ಹುರಿಹಿಟ್ಟು ನೆಲಕ್ಕೆ ಚೆಲ್ಲಿತು. ಅದನ್ನು ಅವಳು ಬಳಿಯುತ್ತಾ ಕೂತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಆಸ್ಪತ್ರೆಯ ಕ್ಷೌರಿಕ ಮಗುವಿನ ತಲೆಯನ್ನು ಬೋಳಿಸಿದ. ಆಪರೇಷನ್ ಕೋಣೆಯಲ್ಲಿ ದೊಡ್ಡ ಕಿಟಕಿಯ ಪಕ್ಕಕ್ಕೆ ಮೇಜನ್ನು ಎಳೆದಿದ್ದರು; ನಮ್ಮ ದೀಪಕ್ಕಿಂತ ಮಧ್ಯಾಹ್ನದ ಬೆಳಕೇ ಮೇಲು. ನಾನು ತಲೆಯ ಬಳಿ ಕೂತೆ. ತಂತಿಯ ಬಲೆಗೆ ಬಟ್ಟೆ ಹೊದಿಸಿದ ಸಣ್ಣ ಮುಸುಕನ್ನು ಮೂಗಿನ ಮೇಲಿಟ್ಟು ಕ್ಲೋರೋಫಾರಂ ಹನಿ ಹನಿಯಾಗಿ ಬಿಡುವುದು ನನ್ನ ಕೆಲಸ. ದೊಡ್ಡವರಿಗೆ ಕೊಡುವಾಗ ಕೈಗೆ ಧೈರ್ಯವಿರುತ್ತದೆ. ಇಷ್ಟು ಸಣ್ಣ ಎದೆಗೆ ಒಂದು ಹನಿ ಹೆಚ್ಚಾದರೂ ಅಪಾಯ, ಕಡಿಮೆಯಾದರೆ ಚಾಕುವಿನ ಕೆಳಗೆ ಮಗು ಎಚ್ಚರವಾಗುತ್ತದೆ. ಅದಕ್ಕೆಂದೇ ಸರ್ಜನ್ನರು ಗಾಯದ ಸುತ್ತ ಮರಗಟ್ಟಿಸುವ ಸೂಜಿಮದ್ದನ್ನೂ ಕೊಟ್ಟರು. “ನೀನು ಮಂಪರನ್ನ ತೆಳ್ಳಗೆ ಹಿಡಿ. ಉಳಿದದ್ದು ನಾನು ನೋಡ್ಕೊಳ್ತೀನಿ,” ಅಂದರು.

ಹರಿದ ಚರ್ಮವನ್ನು ಅವರು ಸ್ವಲ್ಪ ದೊಡ್ಡದು ಮಾಡಿ ಪಕ್ಕಕ್ಕೆ ಸರಿಸಿದರು. ನಾನು ಬೆರಳಿನಲ್ಲಿ ತಿಳಿದಿದ್ದು ಈಗ ಕಣ್ಣಿಗೆ ಕಂಡಿತು. ಮೂಳೆಯ ಮೂರು ಚೂರುಗಳು ಒಂದಕ್ಕೊಂದು ಒರಗಿಕೊಂಡು ಒಳಕ್ಕೆ ಇಳಿದಿದ್ದವು. ಒಂದರ ಚೂಪು ತುದಿ ಪೂರ್ತಿ ಕೆಳಗೆ ಹೋಗಿತ್ತು. ಅದನ್ನು ಹಿಡಿದು ಎಳೆಯುವುದು ಸುಲಭವೆಂದು ನನಗೆ ತೋರಿತು. ಆದರೆ ಸರ್ಜನ್ನರು ಅದನ್ನು ಮುಟ್ಟಲೇ ಇಲ್ಲ. ಒಡೆದ ಜಾಗದ ಪಕ್ಕದಲ್ಲಿ, ಗಟ್ಟಿಯಾಗಿ ಉಳಿದಿದ್ದ ಮೂಳೆಯಲ್ಲಿ, ಕೈ ಬೈರಿಗೆಯಿಂದ ಒಂದು ಸಣ್ಣ ರಂಧ್ರ ಕೊರೆಯತೊಡಗಿದರು. ಮಕ್ಕಳ ಮೂಳೆ ತೆಳು. ಒಂದು ಸುತ್ತು ಹೆಚ್ಚು ತಿರುಗಿದರೆ ಮಿದುಳಿಗೇ ಇಳಿಯುತ್ತದೆ. ಅವರು ತಿರುಗಿಸುವುದು, ನಿಲ್ಲಿಸುವುದು, ಬೆರಳಿನಿಂದ ನೋಡುವುದು, ಮತ್ತೆ ತಿರುಗಿಸುವುದು. ಆ ಕೋಣೆಯಲ್ಲಿ ಬೈರಿಗೆಯ ಕರಕರ ಸದ್ದು, ಮಗುವಿನ ಉಸಿರು, ಇಷ್ಟೇ ಕೇಳುತ್ತಿತ್ತು.

ಅಷ್ಟರಲ್ಲಿ ಉಸಿರಿನ ಸದ್ದು ಬದಲಾಯಿತು. ಮೇಲುಮೇಲಕ್ಕೆ ಹೋಗಿ, ನಿಂತಂತಾಯಿತು. ತುಟಿ ಕಂದಿತು.

“ಸಾರ್, ಉಸಿರು!”

ಅವರು ಕೈಯೆತ್ತಿ ನಿಂತರು. ನಾನು ಮುಸುಕನ್ನು ಎಸೆದು, ದವಡೆಯನ್ನು ಮುಂದಕ್ಕೆ ಎಳೆದು, ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಹೊರಕ್ಕೆ ಜಗ್ಗಿದೆ. ಎದೆಯನ್ನು ಒತ್ತಿ ಬಿಟ್ಟೆ. ಮಗು ಒಮ್ಮೆ ಬಿಕ್ಕಿತು. ಆಮೇಲೆ ಉದ್ದಕ್ಕೆ ಒಂದು ಉಸಿರು ಎಳೆದುಕೊಂಡಿತು. ತುಟಿಗೆ ಬಣ್ಣ ಬಂತು. ಸರ್ಜನ್ನರು ಮತ್ತೆ ಬಾಗಿದರು. ಆ ಗಳಿಗೆಯಲ್ಲಿ ಅವರು ಗದರದೇ ಇದ್ದುದಕ್ಕೆ ನಾನು ಎಷ್ಟು ಋಣಿ ಎಂದು ಹೇಳಲಾರೆ.

ರಂಧ್ರದೊಳಗಿಂದ ತೆಳ್ಳನೆಯ ಉಕ್ಕಿನ ಮೀಟುಗೋಲನ್ನು ಒಡೆದ ಮೂಳೆಯ ಅಡಿಗೆ ತೂರಿಸಿದರು. ಮೀಟಿದರು ಅನ್ನುವುದಕ್ಕಿಂತ, ಮಲಗಿದ ಮಗುವಿನ ತಲೆಯಡಿಯಿಂದ ಕೈ ತೆಗೆಯುವಷ್ಟು ಮೃದುವಾಗಿ ಎತ್ತಿದರು ಅನ್ನಬೇಕು. ದೊಡ್ಡ ಚೂರು ಮೇಲೆ ಬಂದು ತನ್ನ ಜಾಗದಲ್ಲಿ ಕೂತಿತು. ಎರಡನೆಯದೂ ಬಂತು. ಮೂರನೆಯದು ಎಲ್ಲದರಿಂದಲೂ ಬಿಡಿಸಿಕೊಂಡಿತ್ತು, ಕೊಳೆಯಾಗಿತ್ತು. ಅದನ್ನು ತೆಗೆದು ತಟ್ಟೆಗೆ ಹಾಕಿದರು. ಅದರ ಅಡಿಯಲ್ಲಿ ಒಂದಿಷ್ಟು ಕೂದಲು, ಕರಿ ರಕ್ತ, ಮತ್ತು ಅದರಲ್ಲಿ ಅಂಟಿಕೊಂಡು ಭತ್ತದ ಹೊಟ್ಟು. ಒಂದೆರಡಲ್ಲ, ಚಿಟಿಕೆಯಷ್ಟು. ಚಿಮುಟದಿಂದ ಒಂದೊಂದನ್ನೇ ಹೆಕ್ಕಿದರು. ಉಪ್ಪುನೀರಿನಿಂದ ಮತ್ತೆ ಮತ್ತೆ ತೊಳೆದರು. ಮಿದುಳನ್ನು ಸುತ್ತಿರುವ ಪೊರೆ ಕಂಡಿತು. ಒಂದು ಕಡೆ ನೀಲಿಗಟ್ಟಿತ್ತು, ಆದರೆ ಹರಿದಿರಲಿಲ್ಲ. ಮೊದಲು ಅದು ಸ್ತಬ್ಧವಾಗಿತ್ತು. ನಾವು ನೋಡುತ್ತಿದ್ದಂತೆ ಮೆಲ್ಲಗೆ ಉಬ್ಬಿತು, ಇಳಿಯಿತು, ಉಬ್ಬಿತು.

“ಮಿಡೀತಾ ಇದೆ,” ಅಂದರು ಸರ್ಜನ್ನರು. ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ ತಿಳಿಯಲಿಲ್ಲ.

ಪೆನಿಸಿಲಿನ್ ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ಸಲ್ಫಾ ಪುಡಿ ಉದುರಿಸಿ, ಕೊಳೆ ಹರಿದು ಹೋಗಲು ಒಂದು ರಬ್ಬರಿನ ಪಟ್ಟಿ ಬಿಟ್ಟು, ಚರ್ಮವನ್ನು ಹೊಲಿದರು. ಹೊರಗೆ ಬರುವಾಗ ಆ ಹೊಟ್ಟನ್ನೂ ಮೂಳೆಯ ಚೂರನ್ನೂ ಗಾಜಿನ ಬಟ್ಟಲಿನಲ್ಲಿ ಇಟ್ಟುಕೊಳ್ಳಲು ನನಗೆ ಹೇಳಿದರು. “ಆ ಅಜ್ಜಿಗೆ ತೋರಿಸು. ಯಾಕೆ ಕಾಯಲಿಲ್ಲ ಅಂತ ಅವಳಿಗೆ ಗೊತ್ತಾಗಬೇಕು. ಇಲ್ಲದಿದ್ರೆ ನಾವು ಬಲವಂತ ಮಾಡಿದ್ವಿ ಅಂತಲೇ ಉಳಿಯುತ್ತೆ.”

ಅಂದು ಸಂಜೆ ಮಗು ಕಣ್ಣುಬಿಟ್ಟಿತು. ಆಮೇಲಿನ ದಿನಗಳೇ ಕಷ್ಟದವು. ಜ್ವರ ಏರುವುದು, ಇಳಿಯುವುದು. ಜ್ವರ ಏರಿದಾಗೆಲ್ಲ ಕುತ್ತಿಗೆ ಬಿಗಿಯಿತೇ ಎಂದು ನಾನು ತಲೆಯಡಿಗೆ ಕೈಹಾಕಿ ಎತ್ತಿ ನೋಡುವುದು. ಬಿಗಿಯಲಿಲ್ಲ. ತಾಯಿ ಮಂಚದ ಪಕ್ಕದಿಂದ ಕದಲಲಿಲ್ಲ. ಗಂಡ ಪಾಳಿ ಮುಗಿಸಿ ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ರೈಲು ಹಿಡಿದು ಬರುತ್ತಿದ್ದ. ಅಜ್ಜಿ ಮಾತ್ರ ವಾರ್ಡಿನ ಒಳಗೆ ಬರುತ್ತಿರಲಿಲ್ಲ. ಹೊರಗಿನ ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತಿರುತ್ತಿದ್ದಳು. ಸೊಸೆ ತಟ್ಟೆಯಲ್ಲಿ ಅನ್ನ ತಂದಿಟ್ಟರೆ ಅದು ಹಾಗೇ ಇರುತ್ತಿತ್ತು.

ಮಗುವಿನ ಜ್ವರ ಬಿಟ್ಟ ದಿನ ನಾನು ಬಟ್ಟಲನ್ನು ತೆಗೆದುಕೊಂಡು ಜಗಲಿಗೆ ಹೋಗಿ ಅವಳ ಪಕ್ಕದಲ್ಲಿ ಕೂತೆ. ಗಂಡನೂ ಅಲ್ಲೇ ಇದ್ದ. ಸೊಸೆ ಬಾಗಿಲಲ್ಲಿ ನಿಂತಿದ್ದಳು.

“ಅಜ್ಜಿ, ಇಲ್ಲಿ ನೋಡಿ,” ಅಂದೆ. “ಈ ಭತ್ತದ ಹೊಟ್ಟು ಮೂಳೆಯ ಅಡಿಯಲ್ಲಿತ್ತು. ಹೊಳೆಹೊನ್ನೂರಿನ ಮಗುವಿನ ತಲೆಯಲ್ಲಿ ಇಂಥದ್ದು ಏನೂ ಇರಲಿಲ್ಲ. ಇದು ಒಳಗೇ ಉಳಿದಿದ್ದರೆ ಕೊಳೆತು ಕೀವಾಗಿ ಮಿದುಳಿಗೆ ಹತ್ತುತ್ತಿತ್ತು. ಅದಕ್ಕೇ ಕಾಯೋಕೆ ಆಗ್ಲಿಲ್ಲ.”

ಅವಳು ಬಟ್ಟಲಿನೊಳಗೆ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಮಗನ ಕಡೆ ತಿರುಗಿ ಹೇಳಿದಳು:

“ಗೋಡೆಗೆ ಒರಗ್ಸಿದ್ದ ಒನಕೆ ಅಲ್ಲ ಕಣಪ್ಪ. ನನ್ ಕೈಲಿತ್ತು.”

ನಡೆದದ್ದನ್ನು ಅವಳೇ ಹೇಳಿದಳು. ಅತ್ತೆ ಸೊಸೆ ಇಬ್ಬರೂ ಒರಳಿನ ಎರಡು ಕಡೆ ನಿಂತು ಭತ್ತ ಕುಟ್ಟುತ್ತಿದ್ದರು. ಒಬ್ಬಳದು ಮೇಲೆ ಹೋದಾಗ ಇನ್ನೊಬ್ಬಳದು ಕೆಳಗೆ. ಮಗು ಹಿತ್ತಿಲಲ್ಲಿ ಕೋಳಿಯ ಹಿಂದೆ ಓಡುತ್ತಿತ್ತು. ಕೋಳಿ ಒರಳಿನ ಕಡೆ ನುಗ್ಗಿತು, ಮಗುವೂ ನುಗ್ಗಿತು. “ಎತ್ತಿದ್ದೆ. ಇಳಿಸ್ತಾ ಇದ್ದೆ. ಕಂಡ ತಕ್ಷಣ ಪಕ್ಕಕ್ಕೆ ಎಳೆದೆ ಕಣಪ್ಪ. ಎಳೆದಿದ್ದಕ್ಕೆ ಅಷ್ಟರಲ್ಲಿ ಹೋಯ್ತು. ಪೂರಾ ಬಿದ್ದಿದ್ರೆ…” ಎಂದವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಆಗ ಅವಳ ಹಟ ನನಗೆ ಅರ್ಥವಾಯಿತು. ಮಗು ಚಾಕುವಿನ ಕೆಳಗೆ ಹೋಗಿಬಿಟ್ಟರೆ ಅದು ತನ್ನ ಕೈಯಿಂದಲೇ ಹೋದಂತೆ. ಸುಮ್ಮನಿದ್ದು ತಾನಾಗಿಯೇ ಎದ್ದುಬಂದರೆ, ಆದದ್ದು ಆಗಲೇ ಇಲ್ಲವೆಂಬಂತೆ. ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದ ಆ ಎಳೆಗೂಸಿನ ಕಥೆಯನ್ನು ಅವಳು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದಳು!

ಮಗ ಎದ್ದು ನಲ್ಲಿಯ ಕಡೆ ಹೋದ. ಮುಖ ತೊಳೆಯುವ ಸದ್ದು ಕೇಳಿಸಿತು. ಅವನು ಏನು ಹೇಳುತ್ತಾನೋ ಎಂದು ನನಗೆ ಭಯವಾಗಿತ್ತು. ಹಿಂತಿರುಗಿ ಬಂದು, ತೋಯ್ದ ಮುಖವನ್ನು ಅಂಗಿಯ ತೋಳಿಗೆ ಒರೆಸಿಕೊಂಡು, ತಾಯಿಯ ಮುಂದಿದ್ದ ತಟ್ಟೆಯನ್ನು ಹತ್ತಿರಕ್ಕೆ ಸರಿಸಿದ.

“ಉಣ್ಣವ್ವ. ಎಷ್ಟು ದಿನ ಹಿಂಗೆ ಕೂತಿರ್ತೀಯ?”

ಅಜ್ಜಿ ಸೊಸೆಯ ಕಡೆ ಕೈ ತೋರಿಸಿ, “ಅವ್ಳು ಯಾಕೆ ಹೇಳ್ಲಿಲ್ಲ ಕೇಳು. ಕಣ್ಣಾರೆ ಕಂಡಿದ್ಲು. ನಿನ್ ಮುಂದೆ ಗೋಡೆ ಅಂದ್ಲು,” ಎಂದಳು. ಅದು ದೂರಲ್ಲ, ತನ್ನ ಮೇಲೆ ಹೊರಿಸಿದ ಉಪಕಾರವನ್ನು ತಾಳಲಾರದವಳ ಮಾತು.

ಆಮೇಲೆ ನಾನೇ ಸೊಸೆಯನ್ನು ಕೇಳಿದೆ. ಮಗುವಿಗೆ ಗಂಜಿ ಕುಡಿಸುತ್ತಾ, ಮುಖ ಎತ್ತದೆ ಹೇಳಿದಳು. “ಇವ್ರು ಬಂದು ಏನಾಯ್ತು ಅಂತ ಕೇಳಿದ್ರು ಅಮ್ಮ. ನಾನು ಅತ್ತೆ ಮುಖ ನೋಡ್ದೆ. ಆ ಮುಖ ನೋಡಿದ್ಮೇಲೆ ಬಾಯಿಗೆ ಅದೇ ಬಂತು. ಎರಡು ಒನಕೆ ಇದ್ವಲ್ಲ. ಒಂದು ಕ್ಷಣ ಆಕಡೆ ಈಕಡೆ ಆಗಿದ್ರೆ ನಂದೇ ಆಗ್ತಿತ್ತು.”

ಆ ಮಾತು ನನ್ನ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು. ತಪ್ಪು ಯಾರದು ಎಂದು ಹುಡುಕಲು ಎಲ್ಲ ಅನುಕೂಲವೂ ಇದ್ದ ಜಾಗದಲ್ಲಿ ಅವಳು ಹುಡುಕದೇ ಹೋದಳು. ಹಾಗೆಂದು ಅವಳು ಮೆತ್ತಗಿನವಳೂ ಅಲ್ಲ. ಮಗುವಿಗೆ ಬೇಕಾದಾಗ ಅದೇ ಅತ್ತೆಯ ಮುಂದೆ ನಿಂತು “ಮಾಡ್ಸಿ” ಅಂದವಳೂ ಅವಳೇ.

ಸರ್ಜನ್ನರಿಗೆ ಇದನ್ನೆಲ್ಲ ಹೇಳಿದೆ. ಅವರು ಕೇಳಿಕೊಂಡು, ನಶ್ಯದ ಡಬ್ಬಿಯನ್ನು ಬೆರಳಲ್ಲಿ ತಿರುಗಿಸುತ್ತಾ ಕೂತಿದ್ದರು. ಆ ಮಧ್ಯಾಹ್ನ ಹೊರರೋಗಿಗಳು ಕಡಿಮೆಯಿದ್ದರು. ನಾನು ಧೈರ್ಯ ಮಾಡಿ, “ಒಂದನ್ನ ಕಾಯಬೇಕು, ಒಂದನ್ನ ಎತ್ತಬೇಕು ಅಂತ ನಿಮಗೆ ಯಾವಾಗಲೂ ಗೊತ್ತಾಗಿಬಿಡುತ್ತಾ ಸಾರ್?” ಎಂದು ಕೇಳಿದೆ.

“ಇವೆರಡರಲ್ಲಿ ಗೊತ್ತಾಯ್ತು. ಇವೆರಡೂ ಸುಲಭದವು,” ಅಂದರು. “ನಡುವಿನವು ಬರ್ತವೆ. ಮೂಳೆ ಒಡೆದಿರುತ್ತೆ, ಚರ್ಮ ಸರಿಯಿರುತ್ತೆ. ಮಗು ಆಡ್ತಾ ಇರುತ್ತೆ, ಆದ್ರೆ ಒಂದ್ಸಲ ವಾಂತಿ ಮಾಡಿರುತ್ತೆ. ಅಂಥದ್ದೊಂದನ್ನ ಬೇರೆ ಊರಲ್ಲಿದ್ದಾಗ ನಾನು ಕಾದೆ. ಉಳೀತು. ಅಂಥದ್ದೇ ಇನ್ನೊಂದನ್ನ ಎತ್ತಿದೆ. ಅದು ಹೋಯ್ತು. ಎತ್ತಿದ್ದಕ್ಕೆ ಹೋಯ್ತೋ, ಎತ್ತದಿದ್ರೂ ಹೋಗ್ತಿತ್ತೋ, ಇವತ್ತಿಗೂ ಗೊತ್ತಿಲ್ಲ.” ಅಷ್ಟು ಹೇಳಿ ಎದ್ದು ವಾರ್ಡಿಗೆ ಹೋದರು. ಅವರು ಮನೆಯವರ ಮುಂದೆ ಬೆಂಚಿನ ಮೇಲೆ ಅಷ್ಟು ಹೊತ್ತು ಏಕೆ ಕೂರುತ್ತಿದ್ದರೆಂದು ನನಗೆ ಅಂದು ಸ್ವಲ್ಪ ಹೊಳೆಯಿತು. ಗೊತ್ತಿರುವಷ್ಟನ್ನು ಪೂರ್ತಿ ಹೇಳಿಬಿಟ್ಟರೆ, ಗೊತ್ತಿಲ್ಲದ್ದರ ಭಾರವನ್ನು ಮನೆಯವರೂ ನಾವೂ ಒಟ್ಟಿಗೆ ಹೊರಬಹುದು. ನಾನೂ ಆಮೇಲಾಮೇಲೆ ಹಾಗೇ ಕೂರಲು ಕಲಿತೆ. ಯಾರಿಗಾದರೂ ಆ ಎಳೆಗೂಸಿನ ವಿಷಯ ಹೇಳುವಾಗ ಈ ಒನಕೆಯ ಮಗುವಿನ ವಿಷಯವನ್ನೂ ಸೇರಿಸಿಯೇ ಹೇಳುತ್ತಿದ್ದೆ.

ಬಲಗೈಗೆ ಶಕ್ತಿ ನಿಧಾನವಾಗಿ ಮರಳಿತು. ಮೊದಲು ಮೊಣಕೈ ಮಡಿಸಿತು, ಆಮೇಲೆ ನನ್ನ ಬೆರಳನ್ನು ಸಡಿಲವಾಗಿ ಹಿಡಿಯಿತು. ಮನೆಗೆ ಹೋಗುವ ಹೊತ್ತಿಗೆ ತಾಯಿಯ ಬಳೆಗಳನ್ನು ಎರಡೂ ಕೈಯಲ್ಲಿ ಎಳೆಯುತ್ತಿತ್ತು, ಎಡದಲ್ಲಿ ಜೋರಾಗಿ, ಬಲದಲ್ಲಿ ಮೆಲ್ಲಗೆ. ಆ ಸೆಳವು ಮತ್ತೆ ಬರಬಹುದೆಂದು ಸರ್ಜನ್ನರು ಎಚ್ಚರಿಸಿ ಕಳಿಸಿದರು. ಹೊರಡುವಾಗ ಮಗುವನ್ನು ಎತ್ತಿಕೊಂಡಿದ್ದವಳು ಅಜ್ಜಿ. ಸೊಸೆಯೇ ಅವಳ ತೋಳಿಗೆ ಕೊಟ್ಟಿದ್ದಳು. “ಗಟ್ಯಾಗಿ ಹಿಡ್ಕೊಳ್ಳಿ ಅತ್ತೆ, ಬಸ್ಸು ಕುಲುಕ್ತದೆ,” ಎನ್ನುತ್ತಿದ್ದುದು ನನಗೆ ಕೇಳಿಸಿತು.

ಸುಮಾರು ಎರಡು ವರ್ಷದ ಮೇಲೆ, ನನಗೆ ಬೇರೆ ಊರಿಗೆ ವರ್ಗವಾಗಿತ್ತು. ಬೀರೂರಿನ ಕಡೆ ಹೋಗುವ ರೈಲು ಭದ್ರಾವತಿಯಲ್ಲಿ ನಿಂತಾಗ, ನೀರಿಗೆಂದು ಇಳಿದಿದ್ದ ನನ್ನನ್ನು ಯಾರೋ “ಡಾಕ್ಟ್ರಮ್ಮ!” ಎಂದು ಕೂಗಿದರು. ಆ ಸೊಸೆಯೇ. ಸೊಂಟದಲ್ಲಿ ಒಂದು ಹೆಣ್ಣುಕೂಸು. ಪಕ್ಕದಲ್ಲಿ ಆ ಹುಡುಗ, ಕಾಲಿಗೆ ದೊಡ್ಡದಾದ ಚಡ್ಡಿ, ತಲೆ ನುಣ್ಣಗೆ ಬೋಳು. ದೇವರಿಗೆ ಮುಡಿ ಕೊಟ್ಟು ಬಂದಿದ್ದರಂತೆ.

“ಸೆಳವು ಬಂತಾ ಮತ್ತೆ?” ಎಂದು ಮೊದಲು ಅದನ್ನೇ ಕೇಳಿದೆ.

“ಒಂದ್ಸಲ ಜ್ವರ ಬಂದಾಗ ಬಂತು ಅಮ್ಮ. ಆಮೇಲಿಲ್ಲ. ಮಾತು ಬೇಕಾದಷ್ಟು ಆಡ್ತಾನೆ. ಊಟ ಮಾತ್ರ ಎಡಗೈಲಿ. ನಮ್ಮತ್ತೆ ಎಷ್ಟು ಬಡ್ಕೊಂಡ್ರೂ ಕೇಳಲ್ಲ.”

“ಅತ್ತೆ ಹೇಗಿದಾರೆ?”

“ಚೆನ್ನಾಗಿದಾರೆ. ಈ ಕೂಸಿನ ಬಾಣಂತನ ಅವ್ರೇ ಮಾಡಿದ್ದು. ಒಂದು ಅಕ್ಕಿಕಾಳು ಎತ್ತೋಕೆ ಬಿಡ್ಲಿಲ್ಲ ನನ್ನ.” ಅವಳು ನಕ್ಕಳು. ಆ ನಗುವನ್ನು ನಾನು ಮೊದಲ ಸಲ ನೋಡುತ್ತಿದ್ದೆ.

ನಾನು ಬಗ್ಗಿ ಹುಡುಗನ ತಲೆಯ ಎಡಭಾಗಕ್ಕೆ ಬೆರಳಿಟ್ಟೆ. ಗಾಯದ ಗೆರೆ ಬಿಳಿಯಾಗಿ ಉಳಿದಿತ್ತು. ಎತ್ತಿದ ಮೂಳೆ ಗಟ್ಟಿಯಾಗಿ ಕೂಡಿತ್ತು. ಚೂರು ತೆಗೆದ ಜಾಗದಲ್ಲಿ ಮಾತ್ರ ಬೆರಳ ತುದಿಯಷ್ಟು ಮೆತ್ತಗಿತ್ತು, ಅಲ್ಲಿಯೂ ಅಂಚಿನಿಂದ ಮೂಳೆ ಬೆಳೆದು ಬರುತ್ತಿತ್ತು. ಹುಡುಗ ನನ್ನ ಕೈಯನ್ನು ತಳ್ಳಿ, “ಬಿಡು, ಗಾಡಿ ನೋಡ್ಬೇಕು,” ಎಂದು ಎಂಜಿನ್ನಿನ ಕಡೆ ಓಡಿದ. ತಾಯಿ, “ಏಯ್, ನಿಲ್ಲೋ ಮಾರಾಯ!” ಎಂದು ಕೂಸನ್ನು ಸೊಂಟಕ್ಕೆ ಸರಿಮಾಡಿಕೊಂಡು ಅವನ ಹಿಂದೆ ಓಡಿದಳು. ಗಾರ್ಡು ಸೀಟಿ ಊದಿದ. ನಾನು ಚೊಂಬಿನ ನೀರು ಚೆಲ್ಲದಂತೆ ಹಿಡಿದುಕೊಂಡು ಡಬ್ಬಿ ಹತ್ತಿದೆ.